ಮಿಲಿಸೆಕೆಂಡ್ ಬೇಡ, ಪಾಲು ಹಿಡಿಯಿರಿ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಕಡೆ ಬಂದು ನಿಲ್ಲುತ್ತವೆ. ಮೂವರೂ ಸರ್ಕ್ಯೂಟಿಗೆ ‘ಇಷ್ಟು ತಡೆದು ಆಮೇಲೆ ಕೆಲಸ ಮಾಡು’ ಎಂದು ಹೇಳಲು ಹೊರಟವರು. ಮೂವರಿಗೂ ಅದು ಕೈಕೊಟ್ಟಿದೆ. ಮೊದಲನೆಯ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅಲ್ಲಿ ಒಂದು ಮನೆಯ ಬಲ್ಬುಗಳೆಲ್ಲ ಅಪಾಯದಲ್ಲಿವೆ.

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕು. ತೋಟದ ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರು ತಂದು ಸಣ್ಣ ಟರ್ಬೈನ್ ತಿರುಗಿಸುತ್ತೇವೆ. 20 ಮೀಟರ್ ಇಳಿಜಾರು, ಮಳೆಗಾಲದಲ್ಲಿ ಸೆಕೆಂಡಿಗೆ ಸುಮಾರು 10 ಲೀಟರ್ ನೀರು. ಉಳಿದ ಕರೆಂಟನ್ನು ಬಚ್ಚಲ ಹಂಡೆಯ ಕಾಯಿಲ್‌ಗೆ ಬಿಡಲು ನಾನೇ 555 (ಹೊತ್ತು ಎಣಿಸುವ ಐಸಿ) ಮತ್ತು ಟ್ರಯಾಕ್ (ಎಸಿ ಕರೆಂಟಿನ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ ಒಂದು ರೆಗ್ಯುಲೇಟರ್ ಕಟ್ಟಿದೆ. ಝೀರೋ ಕ್ರಾಸಿಂಗ್, ಅಂದರೆ ವೋಲ್ಟೇಜ್ ಸೊನ್ನೆ ದಾಟುವುದು, ಆದ ಮೇಲೆ 5 ಮಿಲಿಸೆಕೆಂಡ್ ತಡೆದು ಟ್ರಯಾಕ್ ಆನ್ ಆಗುತ್ತದೆ, ಮುಂದಿನ ಝೀರೋವರೆಗೆ ಆನ್ ಇರುತ್ತದೆ. ಪೇಟೆಯಲ್ಲಿ ತಮ್ಮನ ಮನೆಯ ಬೋರ್ಡ್ ಕರೆಂಟಿನಲ್ಲಿ ನೋಡಿದಾಗ ಸರಿಯಾಗಿತ್ತು. ಇಲ್ಲಿ ಮಾತ್ರ ಮಿಕ್ಸಿ ಆಫ್ ಮಾಡಿದರೆ ಟರ್ಬೈನಿನ ಸದ್ದು ಏರುತ್ತಲೇ ಹೋಗುತ್ತದೆ, ಬಲ್ಬು ಕಣ್ಣು ಕುಕ್ಕುತ್ತದೆ. ತಡವನ್ನು 7 ಮಿಲಿಸೆಕೆಂಡಿಗೆ ತಿರುಗಿಸಿದರೆ ಇನ್ನೂ ಕಷ್ಟ. ಓಡಿ ಓಡಿ ಒಮ್ಮೆ ಗುದ್ದಿದ ಹಾಗೆ ಅದುರುತ್ತದೆ. ಒಂದು ಪರ್ಸೆಂಟ್ ರೆಸಿಸ್ಟರ್, ಒಳ್ಳೆಯ ಕೆಪಾಸಿಟರ್ ಹಾಕಿದೆ, ಬದಲಾಗಲಿಲ್ಲ. ತಡವನ್ನು ಇನ್ನೂ ನಿಖರ ಮಾಡುವುದು ಹೇಗೆ ಸರ್?

ಉತ್ತರ: ಹಾಕಿದ ದುಡ್ಡು ಹೋಯಿತು ಅಂತ ಬೇಜಾರು ಮಾಡ್ಕೋಬೇಡಿ. ಆ ಬಿಡಿಭಾಗಗಳು ಮುಂದೆ ಕೆಲಸಕ್ಕೆ ಬರುತ್ತವೆ. ಆದರೆ ನಿಮ್ಮ 555 ಮೊದಲೇ ನಿಖರವಾಗಿತ್ತು. ನೀವು ಐದು ಅಂದಿರಿ, ಅದು ಐದೇ ಎಣಿಸಿತು. ನಿಮಗೆ ಬೇಕಾಗಿದ್ದದ್ದೇ ಬೇರೆ.

ತಮ್ಮನ ಮನೆಯ ಕರೆಂಟ್ 50 ಹರ್ಟ್ಸ್. ಅರ್ಧ ಸೈಕಲ್ಲಿಗೆ, ಅಂದರೆ 180 ಡಿಗ್ರಿಗೆ, 10 ಮಿಲಿಸೆಕೆಂಡ್. ಐದು ಅಂದರೆ ಸರಿಯಾಗಿ ನಟ್ಟನಡು, 90 ಡಿಗ್ರಿ. ಕಾಯಿಲ್‌ಗೆ ಅರ್ಧ ಪವರ್. ನಿಮ್ಮ ಹಳ್ಳದ ಕರೆಂಟಿಗೆ ಹಾಗೆ ಒಂದೇ ಹರ್ಟ್ಸ್ ಅಂತ ಇಲ್ಲ. ಮಿಕ್ಸಿ ಆಫ್ ಆಗಿ ಲೋಡ್ ಇಳಿಯಿತು, ಟರ್ಬೈನ್ ಓಡಿ 60 ಹರ್ಟ್ಸ್ ಮುಟ್ಟಿತು ಅನ್ನಿ. ಅರ್ಧ ಸೈಕಲ್ 8.33 ಮಿಲಿಸೆಕೆಂಡಿಗೆ ಕುಗ್ಗುತ್ತದೆ. ಅದೇ 5 ಮಿಲಿಸೆಕೆಂಡ್ ಈಗ 108 ಡಿಗ್ರಿ. ಕಾಯಿಲ್‌ಗೆ ಸಿಗುವ ಪಾಲು ಶೇ 50 ರಿಂದ ಶೇ 31 ಕ್ಕೆ ಇಳಿಯುತ್ತದೆ. ವೇಗದ ಜೊತೆ ವೋಲ್ಟೇಜೂ ಅಷ್ಟೇ ಏರಿತು ಅಂತ ಲೆಕ್ಕ ಹಾಕಿದರೂ ಶೇ 44 ರ ಹತ್ತಿರ, ಮೊದಲಿಗಿಂತ ಕಮ್ಮಿಯೇ.

ಏನಾಯಿತು ನೋಡಿ. ಟರ್ಬೈನ್ ಓಡಲು ಶುರು ಮಾಡಿದಾಗ ಹಂಡೆ ಅದನ್ನು ಹಿಡಿದು ನಿಲ್ಲಿಸಬೇಕಿತ್ತು. ಬದಲಿಗೆ ಕೈ ಸಡಿಲ ಬಿಟ್ಟಿತು. ಬಿಟ್ಟಷ್ಟೂ ಅದು ಓಡಿತು, ಓಡಿದಷ್ಟೂ ಇದು ಬಿಟ್ಟಿತು. 7 ಮಿಲಿಸೆಕೆಂಡಿನಲ್ಲಿ ಇನ್ನೂ ಕೆಟ್ಟದ್ದು: 50 ಹರ್ಟ್ಸ್‌ನಲ್ಲಿ ಶೇ 15 ಇದ್ದ ಪಾಲು 60 ರಲ್ಲಿ ಶೇ 2.5 ಕ್ಕೆ ಬಂದು ಬಿಡುತ್ತದೆ.

ಆ ಗುದ್ದಿಗೆ ಕಾರಣ ಬೇರೆ. 71 ಹರ್ಟ್ಸ್ ದಾಟಿದರೆ ಅರ್ಧ ಸೈಕಲ್ಲೇ 7 ಮಿಲಿಸೆಕೆಂಡಿಗಿಂತ ಚಿಕ್ಕದು. 555 ಇನ್ನೂ ಎಣಿಸುತ್ತಿರುವಾಗಲೇ ಮುಂದಿನ ಝೀರೋ ಕ್ರಾಸಿಂಗ್ ಬಂದು ಹೋಗುತ್ತದೆ. ಎಣಿಕೆಯ ನಡುವೆ ಬಂದ ಟ್ರಿಗರನ್ನು 555 ಕಿವಿಗೇ ಹಾಕಿಕೊಳ್ಳುವುದಿಲ್ಲ. ಅದು ಎಣಿಸಿ ಮುಗಿಸುವ ಹೊತ್ತಿಗೆ ಮುಂದಿನ ಅರ್ಧ ಸೈಕಲ್ ಆಗಷ್ಟೇ ಶುರುವಾಗಿರುತ್ತದೆ. ಆ ಅರ್ಧ ಇಡಿಯಾಗಿ ಕಾಯಿಲ್‌ಗೆ. ಅದರ ನಂತರದ್ದಕ್ಕೆ ಏನೂ ಇಲ್ಲ. ಹೀಗೇ ಒಂದು ಬಿಟ್ಟು ಒಂದು. ಸೊನ್ನೆಯ ಹತ್ತಿರ ಇದ್ದ ಲೋಡ್ ಒಂದೇ ಏಟಿಗೆ ಅರ್ಧಕ್ಕೆ ಹಾರುತ್ತದೆ, ಅದೂ ಒಂದೇ ದಿಕ್ಕಿನ ಕರೆಂಟ್. ಜನರೇಟರ್ ಅದುರದೆ ಇನ್ನೇನು ಮಾಡೀತು?

ಹಾಗಾಗಿ ನಿಮಗೆ ಬೇಕಾದದ್ದು ಹೊತ್ತಲ್ಲ, ಪಾಲು. ಅರ್ಧ ಸೈಕಲ್ ಎಷ್ಟೇ ಉದ್ದ ಇರಲಿ, ಅದರ ಇಷ್ಟನೇ ಪಾಲು ಕಳೆದ ಮೇಲೆ ಟ್ರಯಾಕ್ ಆನ್ ಆಗಬೇಕು.

ಇದಕ್ಕೆ ನನಗೆ ಇಷ್ಟವಾದ ದಾರಿ ಒಂದು ಹಳೆಯದು. ಅಡಕೆ ದಬ್ಬೆಯಲ್ಲಿ ಹರಿದು ಬರುವ ನೀರಿನ ಕೆಳಗೆ ಕೊಡ ಇಟ್ಟಿದ್ದೀರಿ ಅನ್ನಿ. ನೀರು ಒಂದೇ ಸಮ ಬೀಳುತ್ತಿದೆ. ಪ್ರತಿ ಸಲ ಗಂಟೆ ಹೊಡೆದಾಗ ಕೊಡ ಬರಿದು ಮಾಡಿ ಮತ್ತೆ ಇಡುತ್ತೀರಿ. ಗಂಟೆ ನಿಧಾನ ಹೊಡೆದರೆ ನೀರು ಮೇಲೆ ಬರುತ್ತದೆ, ಬೇಗ ಹೊಡೆದರೆ ಕೆಳಗೇ ನಿಲ್ಲುತ್ತದೆ. ಹಿಂದಿನ ಸಲ ನೀರು ಎಲ್ಲಿಯವರೆಗೆ ಬಂದಿತ್ತೋ ಅದರ ಅರ್ಧಕ್ಕೆ ಗೆರೆ ಹಾಕಿ. ನೀರು ಆ ಗೆರೆ ಮುಟ್ಟಿದಾಗ ಎರಡು ಗಂಟೆಗಳ ನಡುವಿನ ಹೊತ್ತಿನಲ್ಲಿ ಸರಿಯಾಗಿ ಅರ್ಧ ಕಳೆದಿರುತ್ತದೆ. ಗಡಿಯಾರವೇ ಬೇಡ.

ಕೊಡದ ಜಾಗದಲ್ಲಿ 0.1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಕೆಪಾಸಿಟರ್. ನೀರಿನ ಜಾಗದಲ್ಲಿ ಒಂದು ಬಿ.ಸಿ. 557 ಟ್ರಾನ್ಸಿಸ್ಟರಿನಿಂದ ಬರುವ ಸ್ಥಿರ 50 ಮೈಕ್ರೋಆಂಪ್ ಕರೆಂಟ್. ಅದರ ಬೇಸಿಗೆ ಒಂದು ಕೆಂಪು ಎಲ್‌ಇಡಿ, ಎಮಿಟರಿನಲ್ಲಿ 22 ಕಿಲೋಓಮ್ ಜೊತೆ 5 ಕಿಲೋಓಮ್ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್). ಎಲ್‌ಇಡಿಯ 1.8 ವೋಲ್ಟಿನಲ್ಲಿ 0.6 ಕಳೆದರೆ 1.2 ಉಳಿಯಿತು, ಅದನ್ನು 24 ಕಿಲೋಓಮಿನಿಂದ ಭಾಗಿಸಿ, 50 ಮೈಕ್ರೋಆಂಪ್ ಬರುತ್ತದೆ. ಪ್ರತಿ ಝೀರೋ ಕ್ರಾಸಿಂಗಿಗೂ ಒಂದು ಬಿ.ಸಿ. 547 ಟ್ರಾನ್ಸಿಸ್ಟರ್ ಆ ಕೆಪಾಸಿಟರನ್ನು ಬರಿದು ಮಾಡುತ್ತದೆ. 50 ಹರ್ಟ್ಸ್‌ನಲ್ಲಿ ಕೆಪಾಸಿಟರ್ 5 ವೋಲ್ಟ್‌ವರೆಗೆ ಏರುತ್ತದೆ, 60 ರಲ್ಲಿ 4.17, 45 ರಲ್ಲಿ 5.56. ಆ ತುದಿಯ ವೋಲ್ಟೇಜನ್ನು ನಾಲ್ಕು ಆಪ್‌ಆಂಪ್ ಇರುವ ಐಸಿ ಎಲ್‌ಎಂ 324 ರ ಒಂದು ಭಾಗ, ಒಂದು ಡಯೋಡ್ ಮತ್ತು 1 ಮೈಕ್ರೋಫ್ಯಾರಡ್ ಹಿಡಿದಿಟ್ಟುಕೊಳ್ಳುತ್ತವೆ. ಅದರ ಅಡ್ಡಕ್ಕೆ 1 ಮೆಗಾಓಮ್ ಹಾಕಿ, ಇಲ್ಲದಿದ್ದರೆ ಹಳೇ ತುದಿಯನ್ನೇ ನೆನಪಿಟ್ಟುಕೊಂಡು ಕೂರುತ್ತದೆ. ಎರಡನೇ ಭಾಗ ಆ ತುದಿಯನ್ನು ಕದಲಿಸದೆ ಮುಂದಕ್ಕೆ ದಾಟಿಸುವ ಬಫರ್. ಅದಕ್ಕೆ ಒಂದು ಪಾಟ್ (ಗುಂಡಿ ತಿರುಗಿಸುವ ರೆಸಿಸ್ಟರ್) ಕಟ್ಟಿ ಬೇಕಾದ ಪಾಲು ತೆಗೆದುಕೊಂಡು, ಏರುತ್ತಿರುವ ವೋಲ್ಟೇಜಿನ ಜೊತೆ ಹೋಲಿಸಿದರೆ ಮುಗಿಯಿತು.

ಇದರಲ್ಲಿ ಒಂದು ಚಂದ ಇದೆ. ಕೆಪಾಸಿಟರ್ ಬಿಸಿಗೆ ಶೇ 3 ಬದಲಾಯಿತು ಅನ್ನಿ. ತುದಿಯೂ ಗೆರೆಯೂ ಒಟ್ಟಿಗೇ ಜರುಗುತ್ತವೆ. ಪಾಲು ಕದಲುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಹಂಡೆ ಕೈ ಸಡಿಲ ಬಿಡುವುದು ತಪ್ಪುತ್ತದೆ, ಆದರೆ ಬಿಗಿ ಹಿಡಿಯುವುದಿಲ್ಲ. ಬಿಗಿ ಹಿಡಿಸಲು ಪಾಟ್ ತೆಗೆದುಬಿಡಿ. ಹೇಗೂ ತುದಿಯ ವೋಲ್ಟೇಜೇ ನಿಮಗೆ ಫ್ರೀಕ್ವೆನ್ಸಿ ಹೇಳುತ್ತಿದೆಯಲ್ವಾ? ಮೂರನೇ ಆಪ್‌ಆಂಪಿನಲ್ಲಿ ಆ ತುದಿಯಿಂದ 4.5 ವೋಲ್ಟ್ ಕಳೆದು, ಉಳಿದದ್ದನ್ನು ಐದು ಪಟ್ಟು ಮಾಡಿ. ಅದೇ ಈಗ ಗೆರೆ. 50 ಹರ್ಟ್ಸ್‌ನಲ್ಲಿ ಗೆರೆ 2.5 ವೋಲ್ಟ್, ಅಂದರೆ ಅರ್ಧ. ಟರ್ಬೈನ್ 55 ದಾಟುವಷ್ಟರಲ್ಲಿ ಗೆರೆ ಸೊನ್ನೆಗೆ ಇಳಿದು ಹಂಡೆಗೆ ಪೂರ್ತಿ ಲೋಡ್. 45 ರ ಹತ್ತಿರ ಇಳಿದರೆ ಗೆರೆ ತುದಿಯ ಹತ್ತಿರ ಹೋಗಿ ಹಂಡೆಗೆ ಬಹುತೇಕ ಏನೂ ಇಲ್ಲ. ನಾಲ್ಕನೇ ಆಪ್‌ಆಂಪ್ ಹೋಲಿಸುವ ಕೆಲಸಕ್ಕೆ. ಒಂದೇ ಎಲ್‌ಎಂ 324 ರಲ್ಲಿ ಸಂಸಾರ ಮುಗಿಯಿತು. ಐದು ಪಟ್ಟಿಗಿಂತ ಜಾಸ್ತಿ ಮಾಡುವ ಆಸೆ ಬರುತ್ತದೆ. ಸ್ವಲ್ಪ ಸ್ವಲ್ಪವೇ ಏರಿಸಿ. ಬಲ್ಬು ಉಸಿರಾಡಿದ ಹಾಗೆ ಹೆಚ್ಚು ಕಮ್ಮಿ ಆಗಲು ಶುರುವಾದರೆ ಹಿಂದಕ್ಕೆ ಬನ್ನಿ. ಇಲ್ಲಿ ಮಾತ್ರ ಕೆಪಾಸಿಟರ್ ಕದಲಿದರೆ ಫ್ರೀಕ್ವೆನ್ಸಿಯೂ ಕದಲುತ್ತದೆ, ಯಾಕೆಂದರೆ ಆ 4.5 ವೋಲ್ಟ್ ತಾನು ಕದಲುವುದಿಲ್ಲ. ನಿಮ್ಮ ಒಳ್ಳೆಯ ಕೆಪಾಸಿಟರ್ ಮತ್ತು ಒಂದು ಪರ್ಸೆಂಟ್ ರೆಸಿಸ್ಟರುಗಳಿಗೆ ಈಗ ಕೆಲಸ ಬಂತು.

ಝೀರೋ ಕ್ರಾಸಿಂಗ್ ಬಗ್ಗೆ ಎಚ್ಚರ ಇರಲಿ. ನಿಮ್ಮ ಜನರೇಟರ್ ಚಿಕ್ಕದು. ಟ್ರಯಾಕ್ ಆನ್ ಆದ ಕ್ಷಣ ವೋಲ್ಟೇಜಿನ ಅಲೆ ಕಚ್ಚು ಬಿದ್ದ ಹಾಗೆ ಆಗುತ್ತದೆ. ಡಿಟೆಕ್ಟರ್ ಅದನ್ನೇ ಝೀರೋ ಅಂದುಕೊಂಡರೆ ಕೊಡ ಅರ್ಧದಲ್ಲೇ ಬರಿದಾಗುತ್ತದೆ. ‘10 ಕಿಲೋಓಮ್, 0.1 ಮೈಕ್ರೋಫ್ಯಾರಡ್ ಫಿಲ್ಟರ್ ಹಾಕಿ’ ಅಂತ ಯಾರಾದರೂ ಹೇಳುತ್ತಾರೆ. ಹಾಕಿದರೆ 50 ಹರ್ಟ್ಸ್‌ನಲ್ಲಿ 17 ಡಿಗ್ರಿ, 60 ರಲ್ಲಿ 21 ಡಿಗ್ರಿ ಹಿಂದೆ ಬೀಳುತ್ತೀರಿ. ಮತ್ತೆ ಅದೇ ಹಳೇ ರೋಗ. ಅದರ ಬದಲು, ಏರುವ ವೋಲ್ಟೇಜ್ ತುದಿಯ ಮುಕ್ಕಾಲು ಭಾಗ ಮುಟ್ಟುವವರೆಗೆ ಡಿಟೆಕ್ಟರಿನ ಬಾಯಿ ಕಟ್ಟಿ. ವೋಲ್ಟೇಜ್ ಹೋಲಿಸುವ ಐಸಿ, ಒಂದು ಎಲ್‌ಎಂ 393 ಸಾಕು. ಡಿಟೆಕ್ಟರ್ ಎರಡೂ ಅರ್ಧಗಳಿಗೆ ಸಮವಾಗಿ ಪಲ್ಸ್ ಕೊಡುತ್ತಿದೆಯೇ ಅಂತಲೂ ನೋಡಿ. ಒಂದರ್ಧ ಉದ್ದ, ಒಂದರ್ಧ ಗಿಡ್ಡ ಆದರೆ ಹಂಡೆಗೆ ಗೊತ್ತಾಗುವುದಿಲ್ಲ, ಫ್ಯಾನು ಗುಂಯ್ ಅನ್ನುತ್ತದೆ.

ಟ್ರಯಾಕಿಗೆ ಸಿಗ್ನಲ್ ಕೊಡಲು ಎಂಓಸಿ 3021 ತನ್ನಿ. ಅಂಗಡಿಯವರು 3041 ಕೊಟ್ಟು ‘ಎರಡೂ ಒಂದೇ’ ಅಂದರೆ ನಂಬಬೇಡಿ. 3041 ಝೀರೋದಲ್ಲಿ ಮಾತ್ರ ಆನ್ ಆಗುವ ಜಾತಿ. ಅದರ ಮುಂದೆ ನಿಮ್ಮ ತಡ, ಪಾಲು ಎಲ್ಲ ದಂಡ.

ಪರೀಕ್ಷೆಗೆ ಹಳ್ಳದ ಹತ್ತಿರ ಹೋಗಬೇಡಿ. ಮೊಬೈಲಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿ, ಒಂದು ಹಳೇ ಟೇಪ್ ರೆಕಾರ್ಡರಿನ ಆಂಪ್ಲಿಫೈಯರ್ ಮೂಲಕ ಡಿಟೆಕ್ಟರಿಗೆ ಕೊಡಿ. ಟೇಬಲ್ ಮೇಲೆಯೇ 40 ರಿಂದ 70 ಹರ್ಟ್ಸ್‌ವರೆಗೆ ಓಡಾಡಬಹುದು, ಶಾಕ್ ಹೊಡೆಸಿಕೊಳ್ಳದೆ. ನಾನು ಈಗಲೂ ಹೀಗೇ ಮಾಡುವುದು.

ಫೇಸ್ ಲಾಕ್ ಲೂಪ್ (ಬರುವ ಫ್ರೀಕ್ವೆನ್ಸಿಗೆ ತನ್ನ ಮಿಡಿತ ಹೊಂದಿಸಿಕೊಳ್ಳುವ ಸರ್ಕ್ಯೂಟ್) ಹಾಕಬಹುದಲ್ಲ ಅಂತ ಓದಿದವರು ಕೇಳುತ್ತಾರೆ. ಸಿಡಿ 4046 ಹಾಕಿ, ಅರ್ಧ ಸೈಕಲ್ಲನ್ನು 256 ಚೂರು ಮಾಡಿ, 128 ಚೂರು ಎಣಿಸಿದರೆ ಅರ್ಧ. ನಿಧಾನವಾಗಿ ಬದಲಾಗುವ ಫ್ರೀಕ್ವೆನ್ಸಿಗೆ ಬಹಳ ಒಳ್ಳೆಯದು. ಮಿಕ್ಸಿ ಆಫ್ ಆದಾಗ ಅದು ಲಾಕ್ ಹುಡುಕುತ್ತಾ ತಡಕಾಡುತ್ತದೆ. ನಿಮಗೆ ಬೇಡ.

ಕೊನೆಗೆ ಒಂದು ಮಾತು, ಇದು ನನ್ನದೇ ತಪ್ಪಿನಿಂದ ಕಲಿತದ್ದು. ಬಹಳ ಹಿಂದೆ ಮಲೆನಾಡಿನ ಒಂದು ಮನೆಗೆ ಇಂಥದ್ದೇ ಕಟ್ಟಿಕೊಟ್ಟೆ. ಹಂಡೆ ಬದಲು ಅವರಲ್ಲಿದ್ದ ಗೀಸರ್‌ಗೆ ಕೊಟ್ಟೆ. ಎರಡು ದಿನ ಸರಿಯಾಗಿತ್ತು. ಮೂರನೇ ದಿನ ಮನೆಯವರೆಲ್ಲ ಮದುವೆಗೆ ಹೋದರು, ಯಾರೂ ಬಿಸಿನೀರು ಬಳಸಲಿಲ್ಲ. ಗೀಸರಿನ ಥರ್ಮೋಸ್ಟಾಟ್ ತನ್ನ ಕೆಲಸ ತಾನು ಮಾಡಿತು. ಲೋಡ್ ಹೋಯಿತು, ಟರ್ಬೈನ್ ಕೈ ತಪ್ಪಿತು, ಅಂಗಳದ ಬಲ್ಬುಗಳೂ ರೇಡಿಯೋವೂ ಹೋದವು. ಅಜ್ಜಿ ಮಾತ್ರ ಮನೆಯಲ್ಲಿದ್ದರು. ‘ಯಂತ್ರ ಕೂಗಿಕೊಂಡಿತು ಮಾರಾಯ’ ಅಂದರು. ಹಂಡೆಯ ಕಾಯಿಲ್‌ಗೆ ಥರ್ಮೋಸ್ಟಾಟ್ ಬೇಡ. ಹಳ್ಳದ ನೀರನ್ನೇ ಸಣ್ಣಗೆ ಹಂಡೆಗೆ ಬಿಟ್ಟು ಉಕ್ಕಿ ಹರಿಯಲು ಬಿಡಿ, ಕಾಯಿಲ್ ಒಣಗಬಾರದು. ಕಾಯಿಲ್ ಜನರೇಟರಿನ ಪೂರ್ತಿ ಕರೆಂಟನ್ನು ನುಂಗುವಷ್ಟು ದೊಡ್ಡದಿರಲಿ. ನೀವು ಹೇಳಿದ ನೀರಿಗೆ 9.81 ನ್ನು 10 ರಿಂದ, 20 ರಿಂದ ಗುಣಿಸಿದರೆ 1,962 ವಾಟ್. ಅರ್ಧ ದಾರಿಯಲ್ಲಿ ಹೋದರೂ 980 ಉಳಿಯುತ್ತದೆ. ಒಂದೂವರೆ ಕಿಲೋವಾಟಿನ ಕಾಯಿಲ್ ಹಾಕಿ.

ಪ್ರಶ್ನೆ: ಬೆಳಗಾವಿಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಮೋಟಾರಿಗೆ ತಟ್ಟೆ ಸಿಕ್ಕಿಸಿ ಒಂದು ಅಯಸ್ಕಾಂತ ಅಂಟಿಸಿದ್ದೇನೆ. ಹಾಲ್ ಸೆನ್ಸರ್ ಅದನ್ನು ನೋಡಿದ ಮೇಲೆ ತಟ್ಟೆ 90 ಡಿಗ್ರಿ ತಿರುಗಿದಾಗ ಎಲ್‌ಇಡಿ ಫ್ಲಾಶ್ ಆಗಬೇಕು. ಆರ್ಡುಯಿನೋ ಊನೋ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ಹಿಂದಿನ ಸುತ್ತಿನ ಹೊತ್ತನ್ನು ನಾಲ್ಕರಿಂದ ಭಾಗಿಸಿ ‘ಡಿಲೇ ಮೈಕ್ರೋಸೆಕೆಂಡ್ಸ್’ ಕೊಡುತ್ತೇನೆ. 1,200 ಆರ್‌ಪಿಎಂನಲ್ಲಿ ಫ್ಲಾಶ್ ಬೆಳಕಿಗೆ ಕಾಣುವ ತಟ್ಟೆಯ ಗುರುತು ನಡುಗುತ್ತದೆ. 900 ಕ್ಕೆ ಇಳಿಸಿದರೆ ಎಲ್ಲೋ ಹೋಗಿಬಿಡುತ್ತದೆ. ಬೋರ್ಡಿನ ಕ್ಲಾಕ್ ಸರಿ ಇಲ್ಲವೇ?

ಉತ್ತರ: ಪಾಲು ಹಿಡಿಯಬೇಕು ಅಂತ ನಿಮಗೆ ಮೊದಲೇ ಹೊಳೆದಿದೆ, ಶಭಾಷ್. ಕ್ಲಾಕನ್ನು ಬೈಯಬೇಡಿ. ಸುತ್ತನ್ನು ಅಳೆಯುವುದೂ ಅದೇ ಕೋಲು, ತಡ ಅಳೆಯುವುದೂ ಅದೇ ಕೋಲು. ಕೋಲು ಅರ್ಧ ಪರ್ಸೆಂಟ್ ಗಿಡ್ಡ ಇದ್ದರೂ ಪಾಲು ಸರಿಯಾಗೇ ಬರುತ್ತದೆ.

900 ರಲ್ಲಿ ಹಾಳಾಗುವುದಕ್ಕೆ ಕಾರಣ ಸುಲಭ. ಆ ಫಂಕ್ಷನ್ 16,383 ರವರೆಗೆ ಮಾತ್ರ ನಂಬಿಕೆಗೆ ಅರ್ಹ. 1,200 ಆರ್‌ಪಿಎಂನಲ್ಲಿ ಒಂದು ಸುತ್ತು 50 ಮಿಲಿಸೆಕೆಂಡ್, ಕಾಲು ಭಾಗ 12,500 ಮೈಕ್ರೋಸೆಕೆಂಡ್, ಸರಿ. 900 ರಲ್ಲಿ ಕಾಲು ಭಾಗ 16,667. ಮಿತಿ ದಾಟಿತು. ಲೆಕ್ಕ ಹಾಕಿ ನೋಡಿ, 915 ರ ಆಸುಪಾಸಿನಲ್ಲೇ ಗುರುತು ಓಡಿಹೋಗಿರಬೇಕು.

ನಡುಕ ಬರುವುದು ಲೂಪಿನಲ್ಲಿ ಪಿನ್ ಓದುವುದರಿಂದ. ಲೂಪ್ ಯಾವ ಮೂಲೆಯಲ್ಲಿದ್ದಾಗ ಅಯಸ್ಕಾಂತ ಬರುತ್ತದೋ ಯಾರಿಗೆ ಗೊತ್ತು. ಸೆನ್ಸರನ್ನು 8 ನೇ ಪಿನ್ನಿಗೆ ಕೊಡಿ. ಅದು ಟೈಮರ್ 1 ರ ಇನ್‌ಪುಟ್ ಕ್ಯಾಪ್ಚರ್ ಪಿನ್. ಪಲ್ಸ್ ಬಂದ ಕ್ಷಣದ ಎಣಿಕೆಯನ್ನು ಹಾರ್ಡ್‌ವೇರೇ ಬರೆದಿಡುತ್ತದೆ, ಪ್ರೋಗ್ರಾಂ ಆಮೇಲೆ ನಿಧಾನಕ್ಕೆ ಬಂದು ಓದಿಕೊಂಡರೂ ನಡೆಯುತ್ತದೆ. ಆ ಎಣಿಕೆಗೆ ಸುತ್ತಿನ ಕಾಲು ಭಾಗ ಸೇರಿಸಿ ಕಂಪೇರ್ ರಿಜಿಸ್ಟರಿಗೆ ಹಾಕಿ. 9 ನೇ ಪಿನ್ನನ್ನು ಟೈಮರೇ ಬದಲಿಸುತ್ತದೆ. ಪ್ರೀಸ್ಕೇಲರ್ (ಕ್ಲಾಕನ್ನು ಭಾಗಿಸುವ ಸಂಖ್ಯೆ) 64 ಇಟ್ಟರೆ ಒಂದು ಎಣಿಕೆ 4 ಮೈಕ್ರೋಸೆಕೆಂಡ್. 1,200 ಆರ್‌ಪಿಎಂನಲ್ಲಿ ಅದು ಡಿಗ್ರಿಯ ನೂರರಲ್ಲಿ ಮೂರು ಭಾಗ, ಕಣ್ಣಿಗೆ ಕಾಣುವುದಿಲ್ಲ. ಆದರೆ 262 ಮಿಲಿಸೆಕೆಂಡಿಗೆ ಟೈಮರ್ ಒಂದು ಸುತ್ತು ಬರುತ್ತದೆ. 230 ಆರ್‌ಪಿಎಂಗಿಂತ ಕೆಳಗೆ ಇಳಿಯಬೇಕಿದ್ದರೆ ಓವರ್‌ಫ್ಲೋ ಎಣಿಸಬೇಕು.

ಇಷ್ಟು ಮಾಡಿದರೂ ಮೋಟಾರ್ ವೇಗ ಏರುತ್ತಿರುವಾಗ ಗುರುತು ಸ್ವಲ್ಪ ಜರುಗುತ್ತದೆ. ನೀವು ಬಳಸುವುದು ಹಿಂದಿನ ಸುತ್ತಿನ ಲೆಕ್ಕ. ಸುತ್ತಿಗೆ ಶೇ 2 ವೇಗ ಏರಿದರೆ 90 ಡಿಗ್ರಿಯಲ್ಲಿ ಹೆಚ್ಚು ಕಮ್ಮಿ 2 ಡಿಗ್ರಿ ತಪ್ಪು. ಅಯಸ್ಕಾಂತ ನಾಲ್ಕು ಮಾಡಿದರೆ ಲೆಕ್ಕ ಅಷ್ಟು ಹಳತಾಗಿರುವುದಿಲ್ಲ.

ಮೇಷ್ಟ್ರಿಗೆ ಹೇಳಬೇಡಿ, ಆದರೆ ಬೇಕಾದ ಕೋನ ಯಾವಾಗಲೂ 90 ಡಿಗ್ರಿಯೇ ಆಗಿದ್ದರೆ ಸೆನ್ಸರನ್ನೇ 90 ಡಿಗ್ರಿ ಆಚೆಗೆ ಸ್ಕ್ರೂ ಮಾಡಿ. ಒಂದು ಸಾಲು ಪ್ರೋಗ್ರಾಂ ಇಲ್ಲದೆ ಎಲ್ಲ ವೇಗಕ್ಕೂ ಸರಿಯಾಗಿರುತ್ತದೆ.

ಪ್ರಶ್ನೆ: ಚಿತ್ರದುರ್ಗದ ಕಡೆಯ ರೈತ ನಾನು. ಕರೆಂಟ್ ಬಂದ ಕೂಡಲೇ ಎಲ್ಲರ ಬೋರ್ ಮೋಟಾರೂ ಒಟ್ಟಿಗೆ ಎದ್ದು ವೋಲ್ಟೇಜ್ ಬೀಳುತ್ತದೆ. ನನ್ನದು 10 ನಿಮಿಷ ತಡವಾಗಿ ಏಳಲಿ ಅಂತ 555 ಕ್ಕೆ 1,000 ಮೈಕ್ರೋಫ್ಯಾರಡ್, 560 ಕಿಲೋಓಮ್ ಹಾಕಿದೆ. ಚಳಿಗಾಲದಲ್ಲಿ 13 ನಿಮಿಷ, ಬೇಸಿಗೆಯಲ್ಲಿ ಒಮ್ಮೊಮ್ಮೆ ಏಳುವುದೇ ಇಲ್ಲ.

ಉತ್ತರ: ನಿಮಗೆ ಬೇಕಾದದ್ದು ನಿಜವಾಗಿಯೂ ಹೊತ್ತೇ, ಪಾಲಲ್ಲ. ಅಡ್ಡ ಬಂದಿರುವುದು ಕೆಪಾಸಿಟರ್. 12 ವೋಲ್ಟ್ ಸಪ್ಲೈಯಲ್ಲಿ ಅದು 8 ವೋಲ್ಟ್ ಮುಟ್ಟುವ ಹೊತ್ತಿಗೆ 560 ಕಿಲೋಓಮ್ ಮೂಲಕ ಬರುವುದು ಬರೀ 7 ಮೈಕ್ರೋಆಂಪ್. ಅಷ್ಟು ದೊಡ್ಡ ಎಲೆಕ್ಟ್ರೋಲಿಟಿಕ್ ಬಿಸಿಲಿಗೆ ಅಷ್ಟನ್ನು ತಾನೇ ಸೋರಿಸುತ್ತದೆ. ತೂತು ಕೊಡಕ್ಕೆ ಹನಿ ಹನಿ ನೀರು ಬಿಟ್ಟ ಹಾಗೆ, ತುಂಬುವುದೇ ಇಲ್ಲ.

ಸಿಡಿ 4060 ಹಾಕಿ. ಅದು ತಾನೇ ಬೇಗ ಬೇಗ ಮಿಡಿದು ತಾನೇ ಎಣಿಸುತ್ತದೆ. 0.1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್, 270 ಕಿಲೋಓಮ್ ಜೊತೆ 100 ಕಿಲೋಓಮ್ ಪ್ರಿಸೆಟ್. ಒಂದು ಮಿಡಿತಕ್ಕೆ 73 ಮಿಲಿಸೆಕೆಂಡ್ ಬಂದರೆ 8,192 ಮಿಡಿತಕ್ಕೆ 10 ನಿಮಿಷ, ಆಗ 3 ನೇ ಪಿನ್ ಏಳುತ್ತದೆ. ಆ ಪಿನ್ನಿನಿಂದ 11 ನೇ ಪಿನ್ನಿಗೆ ಒಂದು ಡಯೋಡ್ ಹಾಕಿದರೆ ಅಲ್ಲಿಗೇ ನಿಲ್ಲುತ್ತದೆ. ಕರೆಂಟ್ ಬಂದಾಗ 12 ನೇ ಪಿನ್ನಿಗೆ ಒಂದು ಸಣ್ಣ ರೀಸೆಟ್ ಪಲ್ಸ್ ಸಿಗುವ ಹಾಗೆ ಮಾಡುವುದನ್ನು ಮರೆಯಬೇಡಿ.

ಹೊಂದಿಸಲು ಪ್ರತಿ ಸಲ ಹತ್ತು ನಿಮಿಷ ಕಾಯುತ್ತಾ ಕೂರಬೇಕಿಲ್ಲ. 7 ನೇ ಪಿನ್ನಿಗೆ ಒಂದು ಎಲ್‌ಇಡಿ, ಅದರ ಜೊತೆ 4.7 ಕಿಲೋಓಮ್ ಹಾಕಿ. ನಿಮಿಷಕ್ಕೆ 51 ಸಲ ಮಿನುಗುವ ಹಾಗೆ ಪ್ರಿಸೆಟ್ ತಿರುಗಿಸಿ.